ಉಪ್ಪು ಉಳಿದರೆ ಎಂಜಿನ್ ಉಳಿಯದು



ಬೀದರ್ ಜಿಲ್ಲೆಯ ನಮ್ಮ ಮನ್ನಾಏಖೇಳ್ಳಿಯಲ್ಲಿ ಕುಳಿತು ದೋಣಿ ತೊಳೆಯುವ ಬಗ್ಗೆ ಬರೆಯುತ್ತಿದ್ದಾರಲ್ಲ ಎಂದು ನಿಮಗೆ ಅಚ್ಚರಿಯಾಗಬಹುದು. ಇಲ್ಲಿ ಕಡಲಿಲ್ಲ, ಬಂದರಿಲ್ಲ. ತೊಗರಿ, ಜೋಳ, ಕೆಂಪು ಮಣ್ಣು, ಬೇಸಿಗೆಯಲ್ಲಿ ಕೊಡಗಳ ಸಾಲು, ಇವೇ ನಮ್ಮ ಬದುಕು. ಆದರೆ ನಮ್ಮೂರ ಮುಂದೆ ಹಾದುಹೋಗುವ ಹೆದ್ದಾರಿಯನ್ನು ಗಮನಿಸಿ. ಹಿಂದೆ ಅದರ ಸಂಖ್ಯೆ 9, ಈಗ 65. ಪುಣೆಯಿಂದ ಹೊರಟು ಸೊಲ್ಲಾಪುರ, ಹುಮನಾಬಾದ್, ಮನ್ನಾಏಖೇಳ್ಳಿ, ಜಹೀರಾಬಾದ್, ಹೈದರಾಬಾದ್ ದಾಟಿ ಅದು ಕೊನೆಗೊಳ್ಳುವುದು ಬಂಗಾಳಕೊಲ್ಲಿಯ ದಂಡೆಯ ಮಚಲೀಪಟ್ಟಣದಲ್ಲಿ. ಮನೆ ಎಲ್ಲೇ ಇರಲಿ, ರಸ್ತೆ ಕಡಲಿಗೆ ಮುಟ್ಟಿಯೇ ಮುಟ್ಟುತ್ತದೆ.

ಈ ಪತ್ರಿಕೆಯನ್ನು ಓದುವ ಎಷ್ಟೋ ಸಹೋದರಿಯರ ಮನೆಯ ಅನ್ನ ಕಡಲಿನಿಂದಲೇ ಬರುತ್ತದೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದ ಬಂದರುಗಳಿಂದ ಗಂಡಸರು ದೋಣಿ ಹತ್ತಿ ಹೋಗುತ್ತಾರೆ. ಕೆಲವರು ಸಂಜೆಗೆ ಮರಳುತ್ತಾರೆ. ಆಳಸಮುದ್ರದ ದೋಣಿಯವರು ಎಷ್ಟೋ ದಿನಗಳ ಕಾಲ ಗೋವಾ, ಮಹಾರಾಷ್ಟ್ರದ ಕಡಲಿನಲ್ಲಿದ್ದು, ಯಾವುದೋ ಪರಊರಿನ ಧಕ್ಕೆಯಲ್ಲಿ ಲಂಗರು ಹಾಕುತ್ತಾರೆ. ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳ ಕೆಲಸಗಾರರೂ ಇದ್ದಾರೆ. ಮನೆಯ ಬಾವಿ, ಮನೆಯ ನಲ್ಲಿ, ಮನೆಯ ಅಂಗಳ ಬಳಿ ಇಲ್ಲದಾಗ ದೋಣಿಗೂ ಎಂಜಿನ್‌ಗೂ ಅಂಟಿದ ಉಪ್ಪನ್ನು ತೆಗೆಯುವುದು ಹೇಗೆ? ಇದು ಗಂಡಸರ ಕೆಲಸ, ನಮಗೇಕೆ ಎನ್ನಬೇಡಿ. ಎಂಜಿನ್ ಕೊಳ್ಳಲು ಅಡವಿಗೆ ಹೋಗುವುದು ಹೆಚ್ಚಾಗಿ ಮನೆಯಾಕೆಯ ಬಳೆಗಳು. ಎಂಜಿನ್ ಕೆಟ್ಟರೆ ಬಡ್ಡಿಯ ಲೆಕ್ಕ ಬರುವುದೂ ಅವಳ ಅಡುಗೆಮನೆಗೇ.

ಉಪ್ಪು ಮಾಡುವ ಕೆಲಸ

ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶವಿರುತ್ತದೆ. 15 ಲೀಟರಿನ ಒಂದು ಬಕೆಟ್ ನೀರನ್ನು ಪೂರ್ತಿ ಆರಿಸಿದರೆ ಅರ್ಧ ಕಿಲೋಗಿಂತ ಹೆಚ್ಚು ಉಪ್ಪು ಉಳಿಯುತ್ತದೆ. ಇಲ್ಲಿ ನೆನಪಿಡಬೇಕಾದ ಮಾತು ಒಂದೇ: ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಬಿಸಿಲಿಗೆ ದೋಣಿ ಒಣಗಿತು, ಎಂಜಿನ್ ಒಣಗಿತು ಎಂದು ನಾವು ಸಮಾಧಾನಪಡುತ್ತೇವೆ. ವಾಸ್ತವದಲ್ಲಿ ಉಪ್ಪು ಆಗಷ್ಟೇ ಗಟ್ಟಿಯಾಗಿ ಕುಳಿತಿರುತ್ತದೆ.

ನಮ್ಮ ಬಯಲುಸೀಮೆಯ ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ಲಿನ ಸವಳು ನೀರು ಹಾಕಿದ ಕೂಲರನ್ನು ಒಮ್ಮೆ ಬಿಚ್ಚಿ ನೋಡಿ. ಹುಲ್ಲಿನ ಮೇಲೆ ಬಿಳಿ ಪೊರೆ, ತಗಡಿನ ತಳದಲ್ಲಿ ಕಂದು ತುಕ್ಕು. ದಿನವೂ ನೀರು ಆರುತ್ತದೆ, ದಿನವೂ ಹೊಸ ನೀರು ಸುರಿಯುತ್ತೇವೆ, ಉಪ್ಪು ಮಾತ್ರ ಕೂಡುತ್ತಲೇ ಹೋಗುತ್ತದೆ. ಉಪ್ಪಿನಕಾಯಿ ಭರಣಿಗೆ ಕಬ್ಬಿಣದ ಮುಚ್ಚಳ ಹಾಕಿದರೆ ನಾಲ್ಕು ತಿಂಗಳಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ದೋಣಿಯ ಎಂಜಿನ್‌ಗೆ ಆಗುವುದೂ ಅದೇ. ಅಲ್ಲಿ ಉಪ್ಪು ನಮ್ಮದಕ್ಕಿಂತ ಎಷ್ಟೋ ಪಾಲು ಹೆಚ್ಚು, ಅಷ್ಟೇ ವ್ಯತ್ಯಾಸ.

ಉಪ್ಪಿಗೆ ಇನ್ನೊಂದು ಗುಣವಿದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಅದು ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವುದನ್ನು ಕಂಡಿದ್ದೀರಿ. ಗಾಳಿಯ ತೇವ ನೂರಕ್ಕೆ ಸುಮಾರು 75 ದಾಟಿದರೆ ಅಡುಗೆ ಉಪ್ಪು ಕರಗತೊಡಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡ್ ಅದಕ್ಕೂ ಬಹಳ ಕಡಿಮೆ ತೇವದಲ್ಲೇ ಒದ್ದೆಯಾಗುತ್ತದೆ. ಹೀಗಾಗಿ ಕರಾವಳಿಯಲ್ಲಿ ಉಪ್ಪು ಅಂಟಿದ ಲೋಹ ನಿಜವಾಗಿ ಒಣಗುವುದೇ ಇಲ್ಲ. ಎಂಜಿನ್ ಶೆಡ್ಡಿನಲ್ಲಿ ಮಲಗಿದ್ದರೂ ಸವೆತ ಎಚ್ಚರವಾಗಿಯೇ ಇರುತ್ತದೆ.

ಲೋಹ ಪೂರ್ತಿ ನೀರಿನಲ್ಲಿ ಮುಳುಗಿರುವಾಗ ಕೆಡುವುದಕ್ಕಿಂತ, ಒಮ್ಮೆ ಒದ್ದೆಯಾಗಿ ಒಮ್ಮೆ ಗಾಳಿ ತಗುಲುವ ಕಡೆ ಬೇಗ ಕೆಡುತ್ತದೆ. ತುಕ್ಕಿಗೆ ನೀರೂ ಬೇಕು, ಗಾಳಿಯ ಆಮ್ಲಜನಕವೂ ಬೇಕು. ಅಲೆಯ ಸಿಡಿತ ಬೀಳುವ ಜಾಗ, ಎಂಜಿನ್ ಕಚ್ಚಿ ನಿಲ್ಲುವ ಹಿಡಿಕೆ, ನಟ್ಟು ಬೋಲ್ಟುಗಳ ಸಂದು, ವಯರುಗಳ ತುದಿ, ಮೊದಲು ಹಾಳಾಗುವುದು ಇವೇ. ತೊಳೆಯುವಾಗ ಮೊದಲು ಕಣ್ಣು ಹೋಗಬೇಕಾದದ್ದೂ ಇಲ್ಲಿಗೇ.

ಬೀದರಿನ ಕುಶಲಕರ್ಮಿಗಳಿಗೆ ತಿಳಿದದ್ದು

ಉಪ್ಪಿನ ಶಕ್ತಿಯನ್ನು ನಮ್ಮ ಜಿಲ್ಲೆಯ ಬಿದ್ರಿ ಕೆಲಸಗಾರರು ಶತಮಾನಗಳಿಂದ ಬಲ್ಲರು. ಬಿದ್ರಿ ಹೂಜಿಯ ಮೈ ಹೆಚ್ಚಿನ ಪಾಲು ಸತುವಿನದು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಕೆತ್ತಿ, ಬೆಳ್ಳಿ ಕೂರಿಸಿ, ಉಜ್ಜಿ ನಯಗೊಳಿಸಿದ ಮೇಲೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಎಂಬ ಲವಣವನ್ನು ಬೆರೆಸಿ ಬಿಸಿ ಮಾಡಿ ಬಳಿಯುತ್ತಾರೆ. ಸತುವಿನ ಮೈ ಗಾಢ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ನಂತರ ತೊಳೆದು ಎಣ್ಣೆ ಸವರುತ್ತಾರೆ. ಬೇಕಾದಷ್ಟು ಹೊತ್ತು ಮಾತ್ರ ಲವಣಕ್ಕೆ ಕೆಲಸ ಮಾಡಲು ಬಿಟ್ಟು, ಆಮೇಲೆ ತೊಳೆದು, ಎಣ್ಣೆಯಿಂದ ಕಾಪಾಡುವ ಈ ಕ್ರಮದಲ್ಲಿ ದೊಡ್ಡ ಪಾಠವಿದೆ. ಕಡಲಿನ ಉಪ್ಪಿಗೆ ಹೀಗೆ ಹೊತ್ತು ಗೊತ್ತು ಮಾಡುವವರು ಯಾರು? ತೊಳೆಯುವ ಕೈಯೇ ಮಾಡಬೇಕು.

ಅದೇ ಸತುವನ್ನು ದೋಣಿಯ ಎಂಜಿನ್ ತಯಾರಿಸುವವರು ಬೇರೆ ರೀತಿ ಬಳಸುತ್ತಾರೆ. ಎಂಜಿನ್ನಿನ ಕೆಳಭಾಗದಲ್ಲಿ ಸಣ್ಣ ಸತುವಿನ ಗಟ್ಟಿಯನ್ನು ಜೋಡಿಸಿರುತ್ತಾರೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದಾಗ ಅವುಗಳ ನಡುವೆ ಸಣ್ಣ ವಿದ್ಯುತ್ ಹರಿದು, ಒಂದು ಲೋಹ ಸವೆಯುತ್ತದೆ. ಸತು ತಾನು ಮೊದಲು ಸವೆದು ಅಲ್ಯೂಮಿನಿಯಂ ಮೈಯನ್ನು ಉಳಿಸುತ್ತದೆ. ಚಂದ ಕಾಣಲಿ ಎಂದು ಈ ಗಟ್ಟಿಗೆ ಬಣ್ಣ ಬಳಿಯಬಾರದು, ಬಳಿದರೆ ಅದರ ಕೆಲಸವೇ ನಿಂತುಹೋಗುತ್ತದೆ. ಅರ್ಧ ಸವೆದದ್ದು ಕಂಡರೆ ಹೊಸದು ಹಾಕಿಸಬೇಕು. ಕೆಲವು ನೂರು ರೂಪಾಯಿಯ ಗಟ್ಟಿಗೆ ಜಿಪುಣತನ ಮಾಡಿ ಲಕ್ಷದ ಎಂಜಿನ್ ಕಳೆದುಕೊಳ್ಳುವುದು ಯಾವ ಉಳಿತಾಯ?

ಎಂಜಿನ್ನಿನ ಹೊಟ್ಟೆಯೊಳಗಿನ ಉಪ್ಪು

ನಾಡದೋಣಿಗಳ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ತನ್ನ ಬಿಸಿಯನ್ನು ಇಳಿಸಿಕೊಳ್ಳುವುದು ಕಡಲಿನ ನೀರಿನಿಂದಲೇ. ಕೆಳಗಿನ ಕಾಲಿನಲ್ಲಿರುವ ತೂತುಗಳಿಂದ ನೀರು ಒಳಬರುತ್ತದೆ. ರಬ್ಬರಿನ ರೆಕ್ಕೆಗಳಿರುವ ಸಣ್ಣ ಪಂಪು ಅದನ್ನು ಮೇಲಕ್ಕೆ ತಳ್ಳುತ್ತದೆ. ನೀರು ಎಂಜಿನ್ನಿನ ಸುತ್ತ ಕಿರಿದಾದ ದಾರಿಗಳಲ್ಲಿ ಹರಿದು ಹೊರಬೀಳುತ್ತದೆ. ಅದರಲ್ಲಿ ಸ್ವಲ್ಪ ನೀರು ಹಿಂಬದಿಯಲ್ಲಿ ಸಣ್ಣ ಧಾರೆಯಾಗಿ ಚಿಮ್ಮುತ್ತದೆ. ಆ ಧಾರೆ ಕಂಡರೆ ಒಳಗೆ ನೀರು ಓಡುತ್ತಿದೆ ಎಂದು ತಿಳಿಯಬಹುದು.

ಎಂಜಿನ್ ನಿಲ್ಲಿಸಿದಾಗ ಬಿಸಿ ಗೋಡೆಗಳ ಮೇಲೆ ಉಳಿದ ತೇವ ಆರಿ, ಅದರ ಉಪ್ಪು ಹರಳಾಗುತ್ತದೆ. ಮರುದಿನ ಮತ್ತೊಂದು ಪೊರೆ, ಅದರ ಮರುದಿನ ಇನ್ನೊಂದು. ಹಂಡೆಯ ತಳದಲ್ಲಿ ಸುಣ್ಣ ಕಟ್ಟಿದ ಹಾಗೆ ದಾರಿಗಳು ಕಿರಿದಾಗುತ್ತವೆ. ಧಾರೆ ಸಣ್ಣದಾಗುತ್ತದೆ. ಒಂದು ದಿನ ಎಂಜಿನ್ ಕಾದು ನಿಂತುಬಿಡುತ್ತದೆ.

ಎಲ್ಲಿ ನಿಲ್ಲುತ್ತದೆ ಎಂಬುದೇ ಭಯದ ಮಾತು. ಕರಾವಳಿಯ ಸಹೋದರಿಯರಿಗೆ ಅಳಿವೆ ಬಾಗಿಲು ಎಂದರೆ ಏನೆಂದು ಹೇಳಬೇಕಿಲ್ಲ. ನದಿ ಕಡಲನ್ನು ಸೇರುವ ಕಡೆ ಮರಳ ದಿಬ್ಬ, ಒಡೆಯುವ ಅಲೆ, ಎದುರಿನ ಸೆಳೆತ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುವಾಗ, ಮಳೆಗಾಲದ ಕಡಲಿಗೆ ಇಳಿಯುವುದು ಸಣ್ಣ ನಾಡದೋಣಿಗಳೇ. ಅಳಿವೆಯ ಅಲೆಗಳ ನಡುವೆ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಅಲೆ ಮಗುಚುತ್ತದೆ. ಆದ್ದರಿಂದ ಎಂಜಿನ್ ತೊಳೆಯುವುದು ಬರೀ ಹಣದ ವಿಷಯವಲ್ಲ, ಜೀವದ ವಿಷಯ.

ಊರಾಚೆ ಇರುವಾಗ ಮಾಡುವುದೇನು?

ಮನೆಯ ಬಳಿ ಇದ್ದರೆ ನಲ್ಲಿಗೆ ಪೈಪು ಸಿಕ್ಕಿಸಿದರೆ ಆಯಿತು. ಪರಊರಿನ ಧಕ್ಕೆಯಲ್ಲಿ ಹಾಗಾಗದು. ಅಲ್ಲಿ ನೀರು ಕೊಳ್ಳಬೇಕಾದೀತು, ಹೊತ್ತು ತರಬೇಕಾದೀತು, ಸರತಿ ಕಾಯಬೇಕಾದೀತು. ಆದ್ದರಿಂದ ಕ್ರಮ ತಿಳಿದಿರಬೇಕು.

ಮೊದಲು, ನೀರನ್ನು ಪರೀಕ್ಷಿಸಿ. ನಲ್ಲಿಯಿಂದ ಬಂದದ್ದೆಲ್ಲ ಸಿಹಿನೀರಲ್ಲ. ಬೇಸಿಗೆಯಲ್ಲಿ ಕರಾವಳಿಯ ಎಷ್ಟೋ ಬಾವಿಗಳಿಗೆ ಉಪ್ಪು ನುಗ್ಗುತ್ತದೆ. ಸಾಬೂನು ನೊರೆ ಬರುತ್ತದೆಯೇ ನೋಡಿ. ಒಂದು ಚಮಚ ನೀರನ್ನು ಸ್ಟೀಲಿನ ತಟ್ಟೆಯ ಮೇಲೆ ಬಿಸಿಲಿಗೆ ಇಟ್ಟು ಆರಿಸಿ. ದಟ್ಟ ಬಿಳಿ ಕಲೆ ಉಳಿದರೆ ಆ ನೀರನ್ನು ಮೊದಲ ತೊಳೆತಕ್ಕೆ ಮಾತ್ರ ಬಳಸಿ, ಕೊನೆಯ ತೊಳೆತಕ್ಕೆ ಒಳ್ಳೆಯ ನೀರನ್ನು ಉಳಿಸಿಕೊಳ್ಳಬೇಕು. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಎರಡನೆಯದು, ಹೊಟ್ಟೆ ಮೊದಲು, ಮೈ ಆಮೇಲೆ. ನೀರು ಕಡಿಮೆಯಿದ್ದರೆ ಎಂಜಿನ್ನಿನ ಒಳಗನ್ನು ಮೊದಲು ತೊಳೆಯಬೇಕು. ಇದಕ್ಕೆ ಮೂರು ದಾರಿಗಳಿವೆ. ಕೆಲವು ಎಂಜಿನ್‌ಗಳಿಗೆ ಪೈಪು ಸಿಕ್ಕಿಸುವ ಪ್ರತ್ಯೇಕ ಬಾಯಿ ಇರುತ್ತದೆ. ಆಗ ಎಂಜಿನ್ ಓಡಿಸಬೇಕೋ ನಿಲ್ಲಿಸಿಯೇ ನೀರು ಬಿಡಬೇಕೋ ಎಂಬುದನ್ನು ಅದರ ಜೊತೆ ಬಂದ ಪುಸ್ತಕ ನೋಡಿಯೇ ತಿಳಿಯಬೇಕು, ಒಂದೊಂದರ ಕ್ರಮ ಒಂದೊಂದು. ಇನ್ನು ಕೆಲವರ ಬಳಿ, ನೀರು ಒಳಬರುವ ತೂತುಗಳ ಮೇಲೆ ಎರಡೂ ಕಡೆಯಿಂದ ಒತ್ತಿ ಕೂರುವ ರಬ್ಬರಿನ ಬಟ್ಟಲುಗಳಿರುತ್ತವೆ. ಅದಕ್ಕೆ ಪೈಪು ಸಿಕ್ಕಿಸಿ, ನೀರು ಬಿಟ್ಟ ಮೇಲೆಯೇ ಎಂಜಿನ್ ಚಾಲೂ ಮಾಡಿ ನಿಧಾನಗತಿಯಲ್ಲಿ ಐದರಿಂದ ಹತ್ತು ನಿಮಿಷ ಓಡಿಸುತ್ತಾರೆ. ಇವೆರಡೂ ಇಲ್ಲದ ಕಡೆ ಸಿಗುವುದು ಡ್ರಮ್ಮು. ಬಾಯಿ ಕತ್ತರಿಸಿದ ದೊಡ್ಡ ಡ್ರಮ್ಮಿಗೆ ಸಿಹಿನೀರು ತುಂಬಿ, ತೂತುಗಳು ಚೆನ್ನಾಗಿ ಮುಳುಗುವಷ್ಟು ಆಳಕ್ಕೆ ಎಂಜಿನ್ನಿನ ಕಾಲನ್ನು ಇಳಿಸಿ, ಗೇರ್ ಹಾಕದೆ ಓಡಿಸಬೇಕು. ನಾಲ್ಕೈದು ದೋಣಿಯವರು ಸೇರಿ ಒಂದು ಡ್ರಮ್ಮು ಇಟ್ಟುಕೊಂಡರೆ ನೀರೂ ಉಳಿದೀತು, ಖರ್ಚೂ ಹಂಚಿಹೋದೀತು. ನೀರು ಉಪ್ಪಾಗುತ್ತಾ ಹೋದಂತೆ ಬದಲಿಸಬೇಕು, ಅಷ್ಟೇ.

ನೀರಿಲ್ಲದೆ ಎಂಜಿನ್ ಓಡಿಸಬಾರದು, ಕೆಲವು ಸೆಕೆಂಡುಗಳೂ ಬೇಡ. ಪಂಪಿನ ರಬ್ಬರ್ ರೆಕ್ಕೆಗಳಿಗೆ ನೀರೇ ಎಣ್ಣೆ. ಒಣಗಿ ತಿರುಗಿದರೆ ಅವು ಸುಟ್ಟುಹೋಗುತ್ತವೆ.

ಮೂರನೆಯದು, ಒಂದೇ ಸಲ ಸುರಿಯುವ ಬದಲು ಸ್ವಲ್ಪಸ್ವಲ್ಪವಾಗಿ ಹಲವು ಸಲ. ಬಟ್ಟೆ ಒಗೆಯುವ ನಮಗೆ ಇದು ಚೆನ್ನಾಗಿ ಗೊತ್ತು, ಆದರೂ ಲೆಕ್ಕ ಹಾಕಿ ನೋಡೋಣ. ಉಪ್ಪುನೀರಿನಲ್ಲಿ ನೆನೆದ ಬಟ್ಟೆಯೊಂದು ಹಿಂಡಿದ ಮೇಲೂ ಅರ್ಧ ಲೀಟರ್ ನೀರು ಹಿಡಿದುಕೊಂಡಿದೆ ಎನ್ನಿ. ಹತ್ತು ಲೀಟರ್ ಸಿಹಿನೀರಿನಲ್ಲಿ ಒಮ್ಮೆ ಜಾಲಿಸಿ ಅಷ್ಟೇ ಹಿಂಡಿದರೆ ಉಪ್ಪಿನ 21ರಲ್ಲಿ ಒಂದು ಪಾಲು ಉಳಿಯುತ್ತದೆ. ಅದೇ ಹತ್ತು ಲೀಟರನ್ನು ಐದೈದು ಲೀಟರಿನಂತೆ ಎರಡು ಸಲ ಬಳಸಿದರೆ ಮೊದಲ ಸಲ 11ರಲ್ಲಿ ಒಂದು ಪಾಲು, ಎರಡನೆಯ ಸಲ ಅದರ 11ರಲ್ಲಿ ಒಂದು ಪಾಲು, ಅಂದರೆ 121ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ನೀರು ಅಷ್ಟೇ, ಫಲ ಆರು ಪಾಲಿಗೂ ಹತ್ತಿರ. ಬಲೆ, ಹಗ್ಗ, ಲೈಫ್ ಜಾಕೆಟ್, ಎಂಜಿನ್ನಿನ ಹೊರಮೈ, ಎಲ್ಲಕ್ಕೂ ಇದೇ ಲೆಕ್ಕ. ಎಂಜಿನ್ ಮೈಗೆ ಬಕೆಟ್ ಎತ್ತಿ ಸುರಿಯುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಜಾಲಿಸಿ, ಮತ್ತೆ ಒರೆಸುವುದು ಮೇಲು. ಎರಡು ತಂಬಿಗೆ ನೀರಿನಲ್ಲಿ ಮುಗಿಯುವ ಕೆಲಸವದು.

ನಾಲ್ಕನೆಯದು, ನದಿಯನ್ನು ಬಳಸಿಕೊಳ್ಳಿ. ನಮ್ಮ ರಾಜ್ಯದ ಹೆಚ್ಚಿನ ಬಂದರುಗಳು ನದಿಯ ಅಳಿವೆಗಳಲ್ಲೇ ಇವೆ. ಹೊನ್ನಾವರಕ್ಕೆ ಶರಾವತಿ, ತದಡಿಗೆ ಅಘನಾಶಿನಿ, ಕಾರವಾರದ ಪಕ್ಕ ಕಾಳಿ, ಮಂಗಳೂರಿಗೆ ನೇತ್ರಾವತಿ, ಗುರುಪುರ. ಸಿಹಿನೀರು ಹಗುರ, ಉಪ್ಪುನೀರು ಭಾರ. ಮಳೆಗಾಲದಲ್ಲಿ ನದಿ ತುಂಬಿ ಹರಿಯುವಾಗ ಮೇಲ್ಪದರದಲ್ಲಿ ಸಿಹಿನೀರೇ ಇರುತ್ತದೆ. ದೋಣಿಯನ್ನು ಸ್ವಲ್ಪ ಒಳಕ್ಕೆ ನಡೆಸಿ ಹತ್ತು ನಿಮಿಷ ಓಡಿಸಿದರೆ ಎಂಜಿನ್ ತಾನಾಗಿ ತೊಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಇದನ್ನು ನಂಬಬೇಡಿ. ಆಗ ಭರತದ ನೀರು ಹಲವು ಕಿಲೋಮೀಟರ್ ಒಳಕ್ಕೆ ಉಪ್ಪನ್ನು ತಳ್ಳುತ್ತದೆ. ನಾಲಗೆಗೆ ಒಂದು ಹನಿ ಮುಟ್ಟಿಸಿ ನೋಡಿದರೆ ತಿಳಿಯುತ್ತದೆ.

ಐದನೆಯದು, ಒಣಗಿಸಿ, ಎಣ್ಣೆ ಸವರಿ. ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ಒಳಗಿನ ನೀರು ಪೂರ್ತಿ ಇಳಿಯಲು ಬಿಡಬೇಕು. ಒಣಬಟ್ಟೆಯಿಂದ ಒರೆಸಿ, ತುಕ್ಕು ತಡೆಯುವ ಎಣ್ಣೆಯನ್ನು ತೆಳ್ಳಗೆ ಹಚ್ಚಬೇಕು. ಉಪ್ಪು ಇರುವಾಗಲೇ ಎಣ್ಣೆ ಹಚ್ಚಿದರೆ ಉಪ್ಪನ್ನು ಒಳಗೇ ಮುಚ್ಚಿಟ್ಟಂತೆ. ಮೇಲಿನ ಮುಚ್ಚಳ ತೆಗೆದು ಒಳಕ್ಕೆ ಜೋರಾಗಿ ನೀರು ಹೊಡೆಯಬಾರದು. ಗಾಳಿ ಎಳೆಯುವ ಬಾಯಿಗೂ ವಿದ್ಯುತ್ ತಂತಿಗಳಿಗೂ ನೀರು ಸೇರಿದರೆ ಒಂದು ತೊಂದರೆ ಕಳೆಯಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಗುತ್ತದೆ.

ಮರದ ದೋಣಿಯ ಮಾತು ಬೇರೆ

ದೋಣಿಯ ಮೈ ಫೈಬರಿನದಾದರೆ ಉಪ್ಪಿನಿಂದ ಅದಕ್ಕೆ ದೊಡ್ಡ ಅಪಾಯವಿಲ್ಲ. ಅದಕ್ಕೆ ಹಾಕಿದ ಬೋಲ್ಟು, ಕೊಂಡಿ, ಕೀಲುಗಳಿಗೆ ಮಾತ್ರ ಅಪಾಯ. ಮರದ ದೋಣಿಯ ಬಗ್ಗೆ ಕೆಲವರಿಗೆ ತಪ್ಪು ಕಲ್ಪನೆ ಇದೆ. ಉಪ್ಪುನೀರು ಮರವನ್ನು ಕೊಳೆಸುತ್ತದೆ ಎಂದುಕೊಳ್ಳುತ್ತಾರೆ. ನಿಜವೆಂದರೆ ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಹಿಡಿಸದು. ದೋಣಿಯೊಳಗೆ ನಿಂತ ಮಳೆನೀರೇ ಹೆಚ್ಚು ಕೇಡು. ಆದ್ದರಿಂದ ಮರದ ದೋಣಿಯನ್ನು ಸಿಹಿನೀರಿನಿಂದ ತೊಳೆದರೆ ನೀರು ಮೂಲೆಯಲ್ಲಿ ನಿಲ್ಲದಂತೆ ಬಳಿದು ತೆಗೆದು, ಗಾಳಿಯಾಡಲು ಬಿಡಬೇಕು.

ಮರಕ್ಕೆ ಕಡಲಿನಲ್ಲಿ ಇನ್ನೊಂದು ಶತ್ರು ಉಂಟು. ಮರ ಕೊರೆಯುವ ಕಡಲ ಹುಳು. ಅದು ಸಿಹಿನೀರಿನಲ್ಲಿ ಬಾಳದು. ಹಾಗಾಗಿ ದೋಣಿಯನ್ನು ನದಿಯೊಳಗೆ ತಂದು ಸಿಹಿನೀರಿನಲ್ಲಿ ನಿಲ್ಲಿಸಿದರೆ ಅದಕ್ಕೂ ಮದ್ದಾಗುತ್ತದೆ. ಮರದ ಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿಯೂ ನಮ್ಮ ಕರಾವಳಿಯದೇ. ಹಿರಿಯರು ಪ್ರಯೋಗಶಾಲೆಗೆ ಹೋಗದೆ ಕಲಿತ ವಿದ್ಯೆಯಿದು.

ಎಂಜಿನ್ ಕಡಲಿಗೆ ಬಿದ್ದರೆ

ದೋಣಿ ಮಗುಚಿ ಎಂಜಿನ್ ಮುಳುಗಿ, ಆಮೇಲೆ ಮೇಲೆತ್ತಿದ ಸಂದರ್ಭವನ್ನು ಯೋಚಿಸಿ. ಜನ ಕ್ಷೇಮವಾಗಿದ್ದರೆ ಅಲ್ಲಾಹನಿಗೆ ಸ್ತುತಿ, ಅದಕ್ಕಿಂತ ದೊಡ್ಡದಿಲ್ಲ. ಆಮೇಲೆ ಎಂಜಿನ್ ವಿಷಯ. ಸಹಜವಾಗಿ ಎಲ್ಲರೂ ಅದನ್ನು ಬಿಸಿಲಿಗೆ ಇಟ್ಟು ಒಣಗಿಸಲು ಹೊರಡುತ್ತಾರೆ. ಇದು ಅತ್ಯಂತ ಕೆಟ್ಟ ಕೆಲಸ. ಉಪ್ಪುನೀರಿನಲ್ಲಿ ನೆಂದ ಲೋಹಕ್ಕೆ ಗಾಳಿ ತಗುಲಿದ ಗಳಿಗೆಯಿಂದಲೇ ಒಳಗಿನ ನಯವಾದ ಭಾಗಗಳಿಗೆ ತುಕ್ಕು ಹಿಡಿಯತೊಡಗುತ್ತದೆ. ಕೂಡಲೇ ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಕೆಲವೇ ಗಂಟೆಗಳಲ್ಲಿ ಮೆಕ್ಯಾನಿಕ್ಕನ ಕೈಗೆ ತಲುಪಿಸಬೇಕು. ಮೆಕ್ಯಾನಿಕ್ ಸಿಗುವುದು ತಡವಾದರೆ, ಅಲ್ಲಿಯವರೆಗೆ ಸಿಹಿನೀರು ತುಂಬಿದ ಡ್ರಮ್ಮಿನಲ್ಲೇ ಮುಳುಗಿಸಿಡುವುದು ಒಳ್ಳೆಯದು. ವಿಚಿತ್ರವೆನಿಸಿದರೂ ಕಾರಣ ಸರಳ: ನೀರೊಳಗೆ ಗಾಳಿ ಕಡಿಮೆ. ಮರಳು ಒಳಹೋಗಿರಬಹುದಾದ ಎಂಜಿನ್ನಿನ ದಾರ ಎಳೆದು ಚಾಲೂ ಮಾಡಲು ಹೋಗಬಾರದು.

ಸಿಹಿನೀರಿನ ಮೇಲೆ ಮೊದಲ ಹಕ್ಕು ಯಾರದು?

ಮದ್ರಸಾಗಳಲ್ಲಿ ಶುದ್ಧಿಯ ಅಧ್ಯಾಯ ಆರಂಭಿಸುವಾಗ ಓದಿಸುವ ಒಂದು ಹದೀಸ್ ಇದೆ. ಕಡಲ ಪ್ರಯಾಣ ಮಾಡುವವರೊಬ್ಬರು ಪ್ರವಾದಿ(ಸ)ರ ಬಳಿಗೆ ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ತಾವು ಕೊಂಡೊಯ್ಯುವ ಸಿಹಿನೀರು ಸ್ವಲ್ಪವೇ, ಅದರಲ್ಲಿ ವುಝೂ ಮಾಡಿದರೆ ಕುಡಿಯಲು ಉಳಿಯದು, ಕಡಲ ನೀರಿನಿಂದಲೇ ವುಝೂ ಮಾಡಬಹುದೇ ಎಂದು ಕೇಳುತ್ತಾರೆ. ಕಡಲ ನೀರು ಶುದ್ಧೀಕರಿಸುವಂಥದ್ದೇ ಎಂಬುದು ಅವರಿಗೆ ಸಿಕ್ಕ ಉತ್ತರದ ಸಾರ. ಸಹೋದರಿಯರೇ, ಆ ಪ್ರಶ್ನೆಯಲ್ಲಿರುವ ದೋಣಿಯ ಬದುಕನ್ನು ನೋಡಿ. ಸುತ್ತಲೂ ನೀರು, ಕುಡಿಯಲು ಮಾತ್ರ ಲೆಕ್ಕದ ಹನಿ. ಬಾಯಾರಿಕೆಯ ನೀರನ್ನು ಉಳಿಸಲು ಧರ್ಮವೇ ಅನುಕೂಲ ಮಾಡಿಕೊಟ್ಟಿರುವಾಗ, ಕುಡಿಯುವ ಕ್ಯಾನನ್ನು ಎಂಜಿನ್‌ಗೆ ಸುರಿಯುವ ಹಕ್ಕು ನಮಗಿಲ್ಲ. ಕಡಲ ನೀರಿನಿಂದ ಮನುಷ್ಯ ವುಝೂ ಮಾಡಬಹುದು, ಆದರೆ ಅದೇ ನೀರು ಲೋಹವನ್ನು ತಿನ್ನುತ್ತದೆ. ಶರೀಅತ್ತಿನ ಶುದ್ಧಿ ಬೇರೆ, ಲೋಹದ ಆರೋಗ್ಯ ಬೇರೆ.

ಲಕ್ಷದ್ವೀಪಕ್ಕೆ ಹೋಗುವ ಮಂಜಿಯವರು ಇದನ್ನು ಇನ್ನೂ ಹತ್ತಿರದಿಂದ ಕಾಣುತ್ತಾರೆ. ಆ ದ್ವೀಪಗಳಲ್ಲಿ ನದಿಯಿಲ್ಲ. ಮಳೆಯ ನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತಿರುತ್ತದೆ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿಗೊಳಿಸುವ, ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಸ್ಥಾವರ ಆರಂಭವಾದದ್ದು ಈ ಕಷ್ಟದಿಂದಲೇ. ಅಂಥ ಕಡೆ ಇಳಿದ ಅತಿಥಿ ದೋಣಿಯವನು ಆತಿಥೇಯರ ಬಾವಿಗೆ ಪಂಪು ಇಳಿಸಿ ದೋಣಿ ತೊಳೆಯುವುದು ಸಭ್ಯತೆಯಲ್ಲ. ಹರಿಯುವ ನದಿಯ ದಂಡೆಯಲ್ಲಿದ್ದರೂ ನೀರು ಪೋಲು ಮಾಡಬಾರದೆಂಬ ಬೋಧನೆ ನಮ್ಮದು. ಒದ್ದೆ ಬಟ್ಟೆಯಲ್ಲಿ ಒರೆಸುವುದು, ಒಮ್ಮೆ ಬಳಸಿದ ನೀರನ್ನು ಬಲೆಯ ಮೊದಲ ತೊಳೆತಕ್ಕೆ ಬಳಸುವುದು, ಮಳೆ ಬಂದಾಗ ಟಾರ್ಪಾಲು ಹರಡಿ ನೀರು ಹಿಡಿಯುವುದು, ಇವೆಲ್ಲ ಪ್ರವಾಸಿಯ ಅದಬ್ಬುಗಳೇ.

ನೀವು ಮಾಡಬಹುದಾದದ್ದು

ದೋಣಿಗೆ ಬುತ್ತಿ ಕಟ್ಟುವ ಕೈ ನಿಮ್ಮದು. ಬುತ್ತಿಯ ಜೊತೆಗೆ ಇಪ್ಪತ್ತು ಲೀಟರಿನ ಪ್ರತ್ಯೇಕ ಕ್ಯಾನೊಂದನ್ನು ಇಡಿ. ಕುಡಿಯುವ ಕ್ಯಾನಿಗೂ ಇದಕ್ಕೂ ಬೇರೆ ಬೇರೆ ಬಣ್ಣವಿರಲಿ. ಹಳೆ ಲುಂಗಿ, ಹಳೆ ಸೀರೆಯ ಹತ್ತಿ ತುಂಡುಗಳನ್ನು ಒಂದು ಚೀಲಕ್ಕೆ ಹಾಕಿಕೊಡಿ. ಸಣ್ಣ ಡಬ್ಬಿಯಲ್ಲಿ ಎಣ್ಣೆ, ಹಲ್ಲುಜ್ಜಿ ಬಿಟ್ಟ ಬ್ರಶ್ಶು. ಅದು ಬೋಲ್ಟಿನ ಸಂದಿಗೆ ಚೆನ್ನಾಗಿ ನುಗ್ಗುತ್ತದೆ. ಫೋನಿನಲ್ಲಿ ಮಾತಾಡುವಾಗ ಊಟ ಆಯಿತೇ ಎಂದು ಕೇಳುವ ಜೊತೆಗೆ ಎಂಜಿನ್ ಒಳಗೆ ನೀರು ಬಿಟ್ಟಿರಾ, ಧಾರೆ ಸರಿಯಾಗಿ ಬರುತ್ತಿದೆಯೇ ಎಂದೂ ಕೇಳಿ. ಧಾರೆ ಸಣ್ಣದಾಗಿದೆ ಎಂದರೆ ಮತ್ತೊಮ್ಮೆ ಕಡಲಿಗೆ ಇಳಿಯುವ ಮೊದಲು ತೋರಿಸಲು ಹೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರಿನ ದಿನಾಂಕ ಬರೆದಿಡುವ ಹಾಗೆ, ಪಂಪಿನ ರಬ್ಬರು ಯಾವಾಗ ಬದಲಾಯಿತು, ಸತುವಿನ ಗಟ್ಟಿ ಯಾವಾಗ ಹಾಕಿಸಿದ್ದು ಎಂದು ಬರೆದಿಡಿ. ಇದು ಯಾರಿಗೂ ಹೊರೆಯಲ್ಲ.

ಎಂಜಿನ್ ಮನೆಯಂಗಳಕ್ಕೆ ಬಂದು ಅಲ್ಲಿಯೇ ತೊಳೆಯುವುದಾದರೆ ಕೆಲವು ಎಚ್ಚರಿಕೆಗಳು. ಎಂಜಿನ್ ಓಡುವಾಗ ಮಕ್ಕಳು ಹತ್ತಿರ ಬರಬಾರದು. ಗೇರಿಗೆ ಕೈ ತಾಗಿದರೆ ಪಂಖ ತಿರುಗುತ್ತದೆ. ನಿಮ್ಮ ದುಪಟ್ಟಾ, ಸೆರಗು, ಸಡಿಲ ತೋಳು ಅದರ ಸಮೀಪ ಹೋಗದಿರಲಿ. ಮುಚ್ಚಿದ ಕೋಣೆಯಲ್ಲಿ, ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಲೇಬಾರದು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದೆ, ಅದು ತಿಳಿಯುವ ಮೊದಲೇ ಪ್ರಜ್ಞೆ ತಪ್ಪಿಸುತ್ತದೆ. ಪೆಟ್ರೋಲು, ಸೀಮೆಎಣ್ಣೆಯ ಡಬ್ಬಿಗಳನ್ನು ಒಲೆಯಿಂದ ದೂರವಿಡಿ. ಎಣ್ಣೆ ಬೆರೆತ ನೀರು ಬಾವಿಯ ಕಡೆ ಹರಿಯದಂತೆ ನೋಡಿಕೊಳ್ಳಿ.

ಒಳನಾಡಿನ ನಮ್ಮಂಥವರಿಗೂ ಇದರಲ್ಲಿ ಪಾಲಿದೆ. ರಜೆಯಲ್ಲಿ ಮಕ್ಕಳನ್ನು ಕಡಲು ನೋಡಲು ಕರೆದೊಯ್ಯುತ್ತೇವೆ. ಮರಳಿನಲ್ಲಿ ಓಡಿಸಿದ ಮೋಟರ್‌ಸೈಕಲ್ಲು, ಅಲೆಯ ಸಿಡಿತ ತಗುಲಿದ ಕಾರಿನ ತಳ, ಕೈಗಡಿಯಾರ, ಕೊಡೆಯ ಕಡ್ಡಿ, ಮಗುವಿನ ಚಪ್ಪಲಿಯ ಬಕಲ್ಲು, ಎಲ್ಲಕ್ಕೂ ಉಪ್ಪು ಅಂಟಿರುತ್ತದೆ. ಉಪ್ಪು ಮನೆಗೆ ಬಂದ ಮೇಲೂ ತಿನ್ನುತ್ತಲೇ ಇರುತ್ತದೆ. ಊರಿಗೆ ಮರಳುವವರೆಗೆ ಕಾಯದೆ, ಅದೇ ಸಂಜೆ ಉಳಿದುಕೊಂಡಲ್ಲಿಯೇ ಒಂದೆರಡು ತಂಬಿಗೆ ಸಿಹಿನೀರಿನಿಂದ ತೊಳೆದು ಒರೆಸಿ. ಮನೆಯ ಕೂಲರಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದು ತುಂಬಿ. ಹಳೆ ನೀರಿನ ಮೇಲೆ ಹೊಸ ನೀರು ಸುರಿಯುತ್ತಾ ಹೋದರೆ ಉಪ್ಪನ್ನೇ ಸಾಕಿದಂತೆ.

ಸಹೋದರಿಯರೇ, ದುಡಿಮೆಯ ಸಾಧನವೆಂದರೆ ಮನೆಯವರೆಲ್ಲರ ಅಮಾನತ್ತು. ಅದು ಹೊಲದ ನೇಗಿಲಾಗಲಿ, ಹೊಲಿಗೆಯ ಯಂತ್ರವಾಗಲಿ, ಕಡಲಿನ ಎಂಜಿನ್ನಾಗಲಿ. ದಣಿದು ದಡ ಸೇರಿದವನಿಗೆ ಮೊದಲು ಬೇಕೆನಿಸುವುದು ಊಟ, ನಿದ್ದೆ. ಆ ಹೊತ್ತಿನಲ್ಲಿ ಹತ್ತು ನಿಮಿಷ ಎಂಜಿನ್‌ಗೆ ನೀರು ಕೊಡಲು ನೆನಪಿಸುವ ಮಾತು ಮನೆಯಿಂದ ಬಂದರೆ ಅದಕ್ಕೆ ಬೆಲೆ ಹೆಚ್ಚು. ಇವತ್ತು ರಾತ್ರಿ ಫೋನು ಬಂದಾಗ ಕೇಳಿ ನೋಡಿ.